ಮನೆ ಜೊತೆ ಜಮೀನು: ಮುಂಗಡಕ್ಕೆ ಮೊದಲು ಕಾಗದ



ಮೈಸೂರಿನ ಸುತ್ತ ಇಲವಾಲ, ವರುಣಾ, ಜಯಪುರದ ಕಡೆ ಮನೆ ಜೊತೆ ಹತ್ತಿಪ್ಪತ್ತು ಗುಂಟೆ ಜಮೀನು ಕೊಳ್ಳುವ ಆಸೆ ನಮ್ಮ ಸಂಘಗಳಲ್ಲೂ ಇದೆ. ಹಸು ಕಟ್ಟಲು ಜಾಗ, ಸೊಪ್ಪು ತರಕಾರಿಗೆ ನೆಲ, ಮಕ್ಕಳಿಗೆ ಸ್ವಂತ ಸೂರು. ಒಳ್ಳೆಯ ಆಸೆಯೇ. ಆದರೆ ಒಬ್ಬ ಸಹೋದರಿ ಒಡವೆ ಅಡವಿಟ್ಟು, ಸಂಘದ ಸಾಲ ಸೇರಿಸಿ ಮುಂಗಡ ಕೊಟ್ಟುಬಿಟ್ಟರು. ಆಮೇಲೆ ನೋಡಿದರೆ ಅದು ಮಾರಲಾಗದ ಜಮೀನು! ಹಣ ವಾಪಸ್ ಕೇಳಿದರೆ ದಲ್ಲಾಳಿ ಫೋನೇ ಎತ್ತಲಿಲ್ಲ. ಇಂಥ ಕಣ್ಣೀರು ಇನ್ನೊಬ್ಬರಿಗೆ ಬೇಡ ಅಲ್ವಾ?

ನೆನಪಿಡಿ, ಮನೆಗೆ ಒಂದು ಕಾಗದ, ಜಮೀನಿಗೆ ಇನ್ನೊಂದು. ಎರಡನ್ನೂ ನೋಡಬೇಕು.

1. ಪಹಣಿ: ಮಾರುವವರ ಹೆಸರು, ವಿಸ್ತೀರ್ಣ, ಅವರಿಗೆ ಜಮೀನು ಹೇಗೆ ಬಂತು, ಬ್ಯಾಂಕ್ ಸಾಲ ಇದೆಯೇ ಎಂಬುದು ಇದರಲ್ಲಿರುತ್ತದೆ. 40 ಗುಂಟೆಗೆ ಒಂದು ಎಕರೆ. ಒಂದು ಗುಂಟೆ ಅಂದ್ರೆ 1,089 ಚದರ ಅಡಿ. ಸರ್ವೆ ನಂಬರಿನ ಒಂದು ಭಾಗ ಮಾತ್ರ ಕೊಳ್ಳುವುದಾದರೆ ಸರ್ವೆ ಇಲಾಖೆಯ 11ಇ ನಕ್ಷೆ ಕೇಳಿ. ಓಡಾಡಲು ದಾರಿ ಇದೆಯೇ ಎಂದು ಸ್ಥಳದಲ್ಲೇ ನಿಂತು ನೋಡಿ.

2. ಋಣಭಾರ ಪತ್ರ (ಇ.ಸಿ.): ಹಿಂದೆ ನೋಂದಣಿಯಾದ ಮಾರಾಟ, ಅಡಮಾನ ಇದರಲ್ಲಿ ತಿಳಿಯುತ್ತದೆ.

3. ಮನೆಯ ಖಾತೆ: ಗ್ರಾಮ ಪಂಚಾಯಿತಿಯ ಇ-ಸ್ವತ್ತು ನಮೂನೆ 9 ಮತ್ತು 11ಎ ಕೇಳಿ. ಕೃಷಿ ಜಮೀನಿನಲ್ಲಿ ಕಟ್ಟಿದ ಮನೆಯಾದರೆ ಭೂಪರಿವರ್ತನೆ ಆಗಿದೆಯೇ ಕೇಳಿ. ಬರೀ ಕಂದಾಯದ ರಸೀದಿ ಹಕ್ಕುಪತ್ರ ಅಲ್ಲ.

4. ಮೂಲ ಮಂಜೂರಾತಿ: 2020ರ ತಿದ್ದುಪಡಿಯಾದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಹಾಗಂತ ಎಲ್ಲ ಜಮೀನೂ ಮಾರಾಟಕ್ಕಿಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಕೊಂಡರೆ 1978ರ ಪಿಟಿಸಿಎಲ್ ಕಾಯಿದೆ ಪ್ರಕಾರ ಆ ಮಾರಾಟ ನಿಲ್ಲುವುದಿಲ್ಲ. ಜಮೀನು ಮೂಲದವರಿಗೆ ಹೋಗುತ್ತದೆ, ಕೊಂಡವರಿಗೆ ಪರಿಹಾರ ಸಿಗುವುದಿಲ್ಲ. ಈ ಕಾಯಿದೆ ಬಡವರ ನೆಲ ಉಳಿಸಲೆಂದೇ ಬಂದದ್ದು. ಅದನ್ನು ಮುರಿದು ಕೊಳ್ಳುವುದು ನ್ಯಾಯವೂ ಅಲ್ಲ.

5. ಹೆಣ್ಣುಮಕ್ಕಳ ಸಹಿ: ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ 2005ರ ತಿದ್ದುಪಡಿಯಂತೆ ಮಗಳಿಗೂ ಮಗನಷ್ಟೇ ಹಕ್ಕು. ಮಾರುವವರ ಅಕ್ಕತಂಗಿಯರು ಸಹಿ ಹಾಕುತ್ತಾರಾ ಕೇಳಿ. ಅವರನ್ನು ಬಿಟ್ಟು ಕೊಂಡರೆ ನಾಳೆ ಕೋರ್ಟು ಅಲೆಯಬೇಕಾಗುತ್ತದೆ.

ಇವನ್ನೆಲ್ಲ ಒಬ್ಬ ವಕೀಲರಿಗೆ ತೋರಿಸಿ. ಅವರ ಫೀಸು ದಂಡ ಅನ್ನಿಸಬಹುದು. ಕಳೆದುಹೋಗುವ ಮುಂಗಡದ ಮುಂದೆ ಅದು ಏನೂ ಅಲ್ಲ. "ಇವತ್ತೇ ಕೊಡಿ, ನಾಳೆ ಬೇರೆಯವರು ಬರ್ತಾರೆ" ಅಂತ ದಲ್ಲಾಳಿ ಅವಸರ ಮಾಡಿದರೆ ಹೆದರಬೇಡಿ. ಬೇರೆಯವರಿಗೇ ಹೋಗಲಿ ಬಿಡಿ. ಗೋಪುರ ಕಟ್ಟುವವನು ಮೊದಲು ಕೂತು ಲೆಕ್ಕ ಹಾಕಬೇಕೆಂದು ಪ್ರಭು ಯೇಸು ಹೇಳಿದ ಸಾಮತಿ ನಮಗೂ ಪಾಠ.

ಕೊನೆಯ ಮಾತು. ದುಡಿಮೆ ನಿಮ್ಮದು, ಒಡವೆ ನಿಮ್ಮದು, ಸಾಲದ ಕಂತೂ ನಿಮ್ಮದೇ. ಹಾಗಾದರೆ ಕ್ರಯಪತ್ರದಲ್ಲಿ ನಿಮ್ಮ ಹೆಸರೂ ಇರಲಿ.

ಸಂಘದಲ್ಲಿ ಚರ್ಚಿಸೋಣ:
• ನಮ್ಮ ಮನೆಯ ಖಾತೆ ಯಾರ ಹೆಸರಲ್ಲಿದೆ?
• ಮುಂದಿನ ಸಭೆಗೆ ಒಬ್ಬರು ತಮ್ಮ ಪಹಣಿ ತರಲಿ, ಎಲ್ಲರೂ ಸೇರಿ ಓದೋಣ.
• ಜಮೀನು ಕೊಳ್ಳಲು ಸಾಲ ಕೇಳಿದಾಗ ಸಂಘ ಯಾವ ಕಾಗದ ನೋಡಬೇಕು?