ನನಗೊಂದು ಜೊತೆ ಶೂ: ಒಂದು ಸಣ್ಣ ಲೆಕ್ಕ



ಈ ಸಲದ ಪಾಠ ವ್ಯಾಯಾಮದ್ದಲ್ಲ, ಲೆಕ್ಕದ್ದು.

ಕಳೆದ ತಿಂಗಳು ಇಲ್ಲಿನ ಅಂಗಡಿಯೊಂದರಲ್ಲಿ 120 ಡಾಲರಿನ ಶೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತಿದ್ದೆ. ಮನಸ್ಸು ಗುಣಾಕಾರಕ್ಕೆ ಇಳಿದಿತ್ತು. ರೂಪಾಯಿಯಲ್ಲಿ ಹತ್ತು ಸಾವಿರಕ್ಕೂ ಮೇಲೆ! ಊರಲ್ಲಿ ಅಪ್ಪನ ಒಂದು ತಿಂಗಳ ಮಾತ್ರೆಗೂ ಅಷ್ಟು ಆಗುವುದಿಲ್ಲ. ಶೂ ವಾಪಸ್ ಇಟ್ಟೆ. ಆದರೆ ಅಲ್ಲೇ ಮಗಳಿಗೆ 60 ಡಾಲರಿನ ಸಾಕರ್ ಶೂ ಕೊಂಡಾಗ ಗುಣಾಕಾರ ನೆನಪಾಗಲೇ ಇಲ್ಲ. ಮನೆಯಲ್ಲಿ ಹೆಂಡತಿ ಕೇಳಿದಳು: "ಮಗಳಿಗೆ ಡಾಲರ್ ಲೆಕ್ಕ, ನಿಮಗೆ ಮಾತ್ರ ರೂಪಾಯಿ ಲೆಕ್ಕಾನಾ?"

ಅದಕ್ಕೆ ಎರಡು ವಾರ ಮುಂಚೆಯಷ್ಟೇ ನನ್ನ ಎಚ್‌ಬಿಎ1ಸಿ 5.9 ಬಂದಿತ್ತು. 5.7ರಿಂದ 6.4ರವರೆಗೆ ಇದ್ದರೆ ಅದು ಸಕ್ಕರೆ ಕಾಯಿಲೆಯ ಹೊಸ್ತಿಲು. ಅಪ್ಪ ಆ ಹೊಸ್ತಿಲು ದಾಟಿ ಎಷ್ಟೋ ವರ್ಷಗಳಾದವು.

ಅಮೆರಿಕದಲ್ಲಿ ಇಂಥ ಹೊಸ್ತಿಲಲ್ಲಿದ್ದ 3,234 ಜನರ ಮೇಲೆ ನಡೆದ ಅಧ್ಯಯನವೊಂದರ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ವಾರಕ್ಕೆ 150 ನಿಮಿಷ ವ್ಯಾಯಾಮ, ಶೇ. 7ರಷ್ಟು ತೂಕ ಇಳಿಕೆ ಎಂಬ ಗುರಿಯಿಟ್ಟುಕೊಂಡವರಲ್ಲಿ ಸುಮಾರು 3 ವರ್ಷಗಳ ಅವಧಿಯಲ್ಲಿ ಸಕ್ಕರೆ ಕಾಯಿಲೆ ಬರುವ ಪ್ರಮಾಣ, ಬರೀ ಹುಸಿ ಮಾತ್ರೆ ಪಡೆದವರಿಗಿಂತ ಶೇ. 58ರಷ್ಟು ಕಡಿಮೆಯಾಗಿತ್ತು.

ಈಗ ಲೆಕ್ಕಕ್ಕೆ ಬರೋಣ.

1. ವಾರಕ್ಕೆ 5 ದಿನ, ದಿನಕ್ಕೆ 30 ನಿಮಿಷ ನಡಿಗೆ. ಒಟ್ಟು 150 ನಿಮಿಷ.
2. ಅರ್ಧ ಗಂಟೆಗೆ ಒಂದೂವರೆ ಮೈಲಿಯಾದರೆ ವಾರಕ್ಕೆ ಏಳೂವರೆ ಮೈಲಿ.
3. ಇಂಥ ಶೂ ಸಾಮಾನ್ಯವಾಗಿ 300ರಿಂದ 500 ಮೈಲಿ ಬಾಳುತ್ತದೆ. ಕಡಿಮೆಯದನ್ನೇ ಹಿಡಿದರೂ 40 ವಾರ.
4. 120 ಡಾಲರನ್ನು 40 ವಾರಕ್ಕೆ ಹಂಚಿದರೆ ವಾರಕ್ಕೆ 3 ಡಾಲರ್, ಒಂದು ನಡಿಗೆಗೆ 60 ಸೆಂಟ್.

ನಾನು ದಿನಾ ಕುಡಿಯುವ ಕಾಫಿ ಇದಕ್ಕಿಂತ ದುಬಾರಿ! ಅದಕ್ಕೆ ಎಂದೂ ತಪ್ಪಿತಸ್ಥ ಭಾವನೆ ಬಂದದ್ದಿಲ್ಲ.

ಹಾಗಂತ ಎಲ್ಲ ಖರ್ಚೂ ಸರಿ ಎಂದಲ್ಲ. ನಮ್ಮ ಬೇಸ್‌ಮೆಂಟಿನ ಟ್ರೆಡ್‌ಮಿಲ್ ಈಗ ಬಟ್ಟೆ ಒಣಗಿಸುವ ಸ್ಟ್ಯಾಂಡು. ಅದನ್ನು ಕೊಂಡಾಗ ನಾನು ಕೊಂಡದ್ದು ವ್ಯಾಯಾಮವನ್ನಲ್ಲ, ವ್ಯಾಯಾಮದ ಆಸೆಯನ್ನು. ಆದ್ದರಿಂದ ಈ ಸಲ ಒಂದು ನಿಯಮ ಮಾಡಿಕೊಂಡೆ: ಮೊದಲು 4 ವಾರ ಇದ್ದ ಹಳೆಯ ಶೂನಲ್ಲೇ ನಡೆಯುವುದು, ಆಮೇಲೆ ಖರೀದಿ. ಬಳಸುವ ವಸ್ತುವಿಗೆ ನಾಚಿಕೆ ಬೇಡ, ಮೂಲೆಗೆ ಬಿದ್ದ ವಸ್ತುವಿಗೆ ಬೇಕು.

ನಾಲ್ಕು ವಾರ ಮುಗಿದ ಮೇಲೆ ಅಪ್ಪನಿಗೆ ಫೋನಿನಲ್ಲಿ ಅಳುಕುತ್ತಲೇ ಬೆಲೆ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ನಿನ್ನ ವಯಸ್ಸಲ್ಲಿ ನಾನೂ ನಡೀಬೇಕಿತ್ತು ಕಣೋ. ತಗೋ."

ತಗೊಂಡೆ. ಮುಂದಿನ ರಕ್ತಪರೀಕ್ಷೆ ಇನ್ನು ಎರಡು ತಿಂಗಳಿಗೆ. ನೀವೂ ಒಮ್ಮೆ ನಿಮ್ಮ ಲೆಕ್ಕ ಹಾಕಿ ನೋಡಿ.