ಮಕ್ಕಳ ವಾದ್ಯಮೇಳ

ನಮ್ಮೂರಾಗ ಆರ್ಕೆಸ್ಟ್ರಾ ಅಂದ್ರ ಜಾತ್ರ್ಯಾಗ ರಾತ್ರಿ ಸಿನಿಮಾ ಹಾಡು ಹಾಡುವ ಮೇಳ. ಆದರೆ ಇನ್ನೊಂದು ತರಹದ ಆರ್ಕೆಸ್ಟ್ರಾವೂ ಉಂಟು. ಪಿಟೀಲು, ಕೊಳಲು, ತುತ್ತೂರಿ, ನಗಾರಿ ಹೀಗೆ ಎಷ್ಟೋ ವಾದ್ಯಗಳನ್ನು ಕೂಡಿ ನುಡಿಸುತ್ತಾರೆ. ಮುಂದೆ ಒಬ್ಬರು ಸಣ್ಣ ಕೋಲು ಹಿಡಿದು ನಿಂತು ಕೈಯಾಡಿಸುತ್ತಾರೆ. ಅವರು ಮಾತ್ರ ಏನೂ ಬಾರಿಸುವುದಿಲ್ಲ!

ದಕ್ಷಿಣ ಅಮೆರಿಕದ ವೆನೆಜುವೆಲಾ ದೇಶದ ರಾಜಧಾನಿ ಕರಾಕಸ್ ದೊಡ್ಡ ಶಹರ. ೧೯೭೫ರಲ್ಲಿ ಹೊಸೆ ಆಂಟೋನಿಯೊ ಅಬ್ರೆಯು ಎಂಬವರು ಅಲ್ಲಿ ಎಳೆಯರ ವಾದ್ಯಮೇಳ ಶುರು ಮಾಡಿದರು. ಮೊದಲ ದಿನ ಬಂದವರು ೧೧ ಮಂದಿ. ಕಲಿತ ಜಾಗ ಕಾರು ನಿಲ್ಲಿಸುವ ಗ್ಯಾರೇಜು. ಮುಂದೆ ಲಕ್ಷಾಂತರ ಮಕ್ಕಳು ಕಲಿತರು. ಬಡವರ ಮಕ್ಕಳಿಗೆ ಫೀ ಇಲ್ಲ, ವಾದ್ಯವನ್ನೂ ಅವರೇ ಕೊಡ್ತಾರ. ಶಾಲೆ ಬಿಟ್ಟ ಮೇಲೆ ಕಲಿಯುವುದು. ನಮ್ಮ ಗದಗಿನ ವೀರೇಶ್ವರ ಪುಣ್ಯಾಶ್ರಮದಾಗೂ ಅಂಧ ಮಕ್ಕಳಿಗೆ ಊಟ, ವಸತಿ ಕೊಟ್ಟು ಸಂಗೀತ ಕಲಿಸ್ತಾರ. ಅದನ್ನು ಬೆಳೆಸಿದ ಪುಟ್ಟರಾಜ ಗವಾಯಿಗಳು (೧೯೧೪-೨೦೧೦) ತಾವೂ ಅಂಧರು.

ಆರ್ಕೆಸ್ಟ್ರಾದಲ್ಲಿ ನಗಾರಿಯವರು ಎಲ್ಲರ ಹಿಂದೆ ಇರುತ್ತಾರೆ. ಎಷ್ಟೋ ಹೊತ್ತು ಸುಮ್ಮನೆ ಎಣಿಸುತ್ತ ಕಾಯುವುದೇ ಅವರ ಕೆಲಸ. ಎಣಿಕೆ ತಪ್ಪಿದರೆ ಎಲ್ಲರದೂ ಕೆಡುತ್ತದೆ. ಇದು ನನಗೆ ಗೊತ್ತಿರಲಿಲ್ಲ. ಆಗಸ್ಟ್ ೧೫ರ ಪ್ರಭಾತ ಫೇರಿಯಲ್ಲಿ ಶಾಲೆಯ ಡ್ರಮ್ ನನ್ನ ಕೊರಳಾಗ ಇತ್ತು. ಅಗಸಿ ಹತ್ರ ಮಂದಿ ನೋಡ್ಲಿ ಅಂತ ಜೋರು ಜೋರು ಬಾರಿಸಿದೆ. ಮೂರನೇ ತರಗತಿ ಹುಡುಗರು ಹೆಜ್ಜೆ ತಪ್ಪಿ ಒಬ್ಬರ ಮ್ಯಾಲೊಬ್ಬರು ಬಿದ್ದರು. ಜನವರಿ ೨೬ಕ್ಕ ಡ್ರಮ್ ಮತ್ತ ನನಗ ಕೊಡ್ರಿ ಅಂತ ಸರ್ ಅವರಿಗೆ ಕೇಳೀನಿ. ಅವರು ಇನ್ನೂ ಹೂಂ ಅಂದಿಲ್ಲ. ದಿನಾ ಮನ್ಯಾಗ ತಾಟಿನ ಮ್ಯಾಲ ಎಣಿಸಿ ಎಣಿಸಿ ಬಾರಿಸ್ತೀನಿ.