ಬರೀ ‘ನಾನು ಜಾಣ’ ಅನ್ನಿಸಬೇಡಿ

ಗುರುಗಳೇ, ಅಕ್ಕೋರೇ, ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳಿಂದ ‘ನಾನು ಜಾಣ, ನನಗೆ ಎಲ್ಲಾ ಬರುತ್ತದೆ’ ಎಂದು ಒಕ್ಕೊರಲಿನಿಂದ ಹೇಳಿಸುತ್ತೀರಿ. ನಿಮ್ಮ ಕಳಕಳಿ ದೊಡ್ಡದು. ಆದರೆ ಹೇಮಗುಡ್ಡದ ಎರಡನೇ ತರಗತಿಯ ಮಗುವೊಂದು ತನ್ನೂರಿನ ಹೆಸರನ್ನೇ ‘ಹೇಮಗುಡ’ ಎಂದು ಬರೆದು, ತಪ್ಪೆಲ್ಲಿ ಎಂದು ತಿಳಿಯದೆ ಪಾಟಿ ಒರೆಸುತ್ತ ಕೂತಿದ್ದರೆ, ಆ ಮಾತು ಅದಕ್ಕೆ ಸುಳ್ಳೆನಿಸುತ್ತದೆ.

ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಜೋಆನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೀಳರಿಮೆ ಇದ್ದವರು ತಮ್ಮನ್ನೇ ಹೊಗಳಿಕೊಳ್ಳುವ ಮಾತನ್ನು ಪದೇಪದೇ ಹೇಳಿಕೊಂಡು ಇನ್ನಷ್ಟು ಕುಗ್ಗಿದ್ದು ಕಂಡುಬಂತು. ಅವರು ಕಾಲೇಜು ಓದುವವರು. ಎಳೆಯರ ವಿಷಯದಲ್ಲಿ ನಾವು ಇನ್ನೂ ಜೋಪಾನವಾಗಿರಬೇಕು.

ಮಗು ನಂಬಬಹುದಾದ ಮಾತನ್ನೇ ಹೇಳಿಸಿ. ‘ನಿನ್ನೆ ಒತ್ತಕ್ಷರ ಬರ್ತಿದ್ದಿಲ್ಲ, ಇವತ್ತ ಎರಡು ಬಂದಾವು’ ಎಂದು ಅದರ ಮನೆಮಾತಿನಲ್ಲೇ ಇರಲಿ. ಮೊದಲು ‘ಡ್ಡ’ ತಿದ್ದಿಸಿ, ಆಮೇಲೆ ಬೆನ್ನು ತಟ್ಟಿ. ಹಿಂಜರಿಯುವ ಮಗುವನ್ನು ಎಲ್ಲರೆದುರು ಎಬ್ಬಿಸಿ ನಿಲ್ಲಿಸಿ ಹೇಳಿಸಬೇಡಿ.

ಇನ್ನೊಂದು. ಬೆಳಿಗ್ಗೆ ‘ಜಾಣ’ ಅನ್ನಿಸಿ ಮಧ್ಯಾಹ್ನ ನೀವೇ ‘ದಡ್ಡ’ ಎಂದು ಗದರಿದರೆ, ಮನೆಗೆ ಹೋಗುವಾಗ ಮಗುವಿನ ಮನಸ್ಸಿನಲ್ಲಿ ಉಳಿಯುವುದು ಎರಡನೆಯದೇ. ದಯವಿಟ್ಟು ಆ ಪದವನ್ನು ತರಗತಿಯ ಹೊರಗಿಡಿ.